ಶ್ರುತಿ ಏರಿಸಿದ ಕಾರು ಚಾರ್ಮಾಡಿಯಲ್ಲಿ

ಬಯಲುಸೀಮೆಯಿಂದ ಕಡಲತಡಿಗೆ ಇಳಿಯುವ ಘಟ್ಟದ ದಾರಿಗಳು ಕನ್ನಡನಾಡಿನಲ್ಲಿ ಹಲವಿವೆ. ಆಗುಂಬೆ ಸೂರ್ಯಾಸ್ತಕ್ಕೆ ಹೆಸರಾಯಿತು. ಶಿರಾಡಿ ಲಾರಿಗಳ ಪಾಲಾಯಿತು. ಚಾರ್ಮಾಡಿಗೆ ಉಳಿದದ್ದು ಮಂಜು. ಮೂಡಿಗೆರೆ ಸೀಮೆಯ ಕೊಟ್ಟಿಗೆಹಾರದಲ್ಲಿ ಬಿಸಿ ಚಹಾ ಕುಡಿದು ಹೊರಟವನು ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಹಳ್ಳಿಯನ್ನು ಮುಟ್ಟುವವರೆಗೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ, ನಡುವೆ ತಾನು ಮತ್ತು ತನ್ನ ವಾಹನ. ಈ ದಾರಿಯಲ್ಲಿ ಕಾರಿನ ಗುಣವೂ ಚಾಲಕನ ಗುಣವೂ ಬಹುಕಾಲ ಮುಚ್ಚಿಡಲು ಆಗುವಂಥವಲ್ಲ.

ಕಳೆದ ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಜಾವ ಐದು ಗಂಟೆಗೆ, ಬೆಂಗಳೂರಿನಿಂದ ಈ ಘಟ್ಟದ ಕಡೆಗೆ ಹೊರಟ ಕಾರೊಂದರಲ್ಲಿ ನಾಲ್ವರಿದ್ದರು. ಚಾಲಕ ನಲವತ್ತರ ಆಸುಪಾಸಿನ ಎಂಜಿನಿಯರ್. ಪಕ್ಕದಲ್ಲಿ ಎಪ್ಪತ್ತಾರು ವರ್ಷದ ತಂದೆ. ಹಿಂದೆ ಹೆಂಡತಿ, ಒಂಬತ್ತು ವರ್ಷದ ಮಗಳು. ತಂದೆಯವರು ರಾಜ್ಯ ರಸ್ತೆ ಸಾರಿಗೆಯಲ್ಲಿ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅದರಲ್ಲಿ ಹನ್ನೊಂದು ವರ್ಷ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ, ಇದೇ ಚಾರ್ಮಾಡಿಯ ಮೇಲೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದರೆ ಘಟ್ಟದ ಅಣ್ಣಪ್ಪಸ್ವಾಮಿಗೆ ಕಾಣಿಕೆ ಹಾಕುವೆನೆಂದು ಅವರು ಹರಕೆ ಹೊತ್ತಿದ್ದರು. ಪ್ರಯಾಣಕ್ಕೆ ಹೊರಗೆ ಹೇಳಿದ ಕಾರಣ ಅದು. ಮಗನ ಮನಸ್ಸಿನಲ್ಲಿ ಇನ್ನೊಂದು ಕಾರಣವಿತ್ತು. ಅದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕಾರು ಚೆಕ್ ದೇಶದ ಸ್ಕೋಡಾ ಕಂಪನಿಯ ಆಕ್ಟೇವಿಯಾ ಆರ್‌ಎಸ್. 2017ರಲ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದು. ನೋಟಕ್ಕೆ ಸಂಸಾರಸ್ಥರ ಸೆಡಾನ್. ಹಿಂಬದಿಯ ಮುಚ್ಚಳ ಗಾಜಿನ ಸಮೇತ ಮೇಲೇಳುವುದರಿಂದ ಶಾಸ್ತ್ರಪ್ರಕಾರ ಸೆಡಾನ್ ಅಲ್ಲವೆಂದು ತಕರಾರು ಮಾಡುವವರೂ ಇದ್ದಾರೆ. ಅದರೊಳಗೆ ಮದುವೆಗೆ ಹೊರಟ ಮನೆಯ ಸಾಮಾನೆಲ್ಲ ಹಿಡಿಯುತ್ತದೆ ಎಂಬುದನ್ನು ಕಂಡವರು ಆ ತಕರಾರಿಗೆ ಬೆಲೆ ಕೊಡರು. ಒಳಗಿನ ಎಂಜಿನ್ ಮಾತ್ರ ಸಂಸಾರಸ್ಥನದಲ್ಲ. 1984 ಸಿ.ಸಿ.ಯ ನಾಲ್ಕು ಸಿಲಿಂಡರುಗಳಿಗೆ ಒಂದು ಟರ್ಬೊ ಗಾಳಿ ಒತ್ತಿ ತುಂಬುತ್ತದೆ. ಕಾರ್ಖಾನೆಯಿಂದ ಬರುವಾಗಲೇ 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ತಿರುಚುಬಲ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 6.8 ಸೆಕೆಂಡು ಸಾಕೆಂದು ತಯಾರಕರ ಲೆಕ್ಕ. ಇಷ್ಟು ಸಾಲದೆ ಎಂದು ಓದುಗರು ಕೇಳಬಹುದು. ಸಾಲದು ಎನ್ನುವ ಒಂದು ಪಂಗಡ ಲೋಕದಲ್ಲಿದೆ. ಆ ಎಂಜಿನಿಯರ್ ಅದರ ಸದಸ್ಯ.

ಸಂಗೀತಗಾರರು ತಂಬೂರಿಯ ಶ್ರುತಿ ಸರಿಮಾಡುವುದು ಅದು ಇರಬೇಕಾದ ಸ್ಥಾನಕ್ಕೆ ಬರಲೆಂದು. ಮೋಟಾರು ಲೋಕದ ಟ್ಯೂನಿಂಗ್ ಬೇರೆ. ಅದು ಇರುವ ಸ್ಥಾನದಿಂದ ಮೇಲಕ್ಕೇರಿಸುವ ಕೆಲಸ. ಹಿಂದೆ ಇದಕ್ಕೆ ಕಾರ್ಬ್ಯುರೇಟರಿನ ಜೆಟ್ ಬದಲಿಸಬೇಕಿತ್ತು, ಸಿಲಿಂಡರ್ ಹೆಡ್ ಉಜ್ಜಬೇಕಿತ್ತು, ಮೈಕೈಗೆಲ್ಲ ಗ್ರೀಸು. ಈಗಿನ ಎಂಜಿನ್ನನ್ನು ಆಳುವುದು ಒಂದು ಪುಟ್ಟ ಕಂಪ್ಯೂಟರ್. ಯಾವ ವೇಗಕ್ಕೆ ಎಷ್ಟು ಪೆಟ್ರೋಲು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು, ಟರ್ಬೊ ಎಷ್ಟು ಒತ್ತಡ ಕಟ್ಟಬೇಕು, ಕಾಲಿನ ಒತ್ತಿಗೆ ಥ್ರಾಟಲ್ ಎಷ್ಟು ತೆರೆಯಬೇಕು ಎಂಬ ಕೋಷ್ಟಕಗಳೆಲ್ಲ ಅದರಲ್ಲಿರುತ್ತವೆ. ಜಗತ್ತಿನ ನಾನಾ ದೇಶಗಳಲ್ಲಿ ಮಾರಾಟವಾಗಬೇಕಾದ ಕಾರು. ಬಿಸಿಲು, ಚಳಿ, ಕಳಪೆ ಪೆಟ್ರೋಲು, ಆಯಿಲ್ ಬದಲಿಸಲು ಮರೆಯುವ ಮಾಲೀಕ, ಎಲ್ಲರನ್ನೂ ನೆನೆದು ತಯಾರಕರು ಆ ಅಂಕಿಗಳಲ್ಲಿ ಒಂದಿಷ್ಟು ಅಂತರ ಉಳಿಸಿರುತ್ತಾರೆ. ಟ್ಯೂನ್ ಮಾಡುವವನು ಕೈಹಾಕುವುದು ಆ ಉಳಿತಾಯಕ್ಕೆ.

ಹದಿನೈದು ದಿನದ ಹಿಂದೆ ನಗರದ ಹೊರವಲಯದ ಒಂದು ಗ್ಯಾರೇಜಿನಲ್ಲಿ ಕೆಲಸ ಅರ್ಧ ದಿನದಲ್ಲಿ ಮುಗಿದಿತ್ತು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಹಳೆಯ ಅಂಕಿಗಳನ್ನು ಓದಿ ಪ್ರತಿ ಇಟ್ಟುಕೊಂಡು, ಹೊಸದನ್ನು ಬರೆದರು. ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆದಾಗ ಎಂಜಿನ್ನಿನ ಶಕ್ತಿ 290ರ ಆಸುಪಾಸು, ತಿರುಚುಬಲ 400 ದಾಟಿತ್ತು. ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ. ಅರವತ್ತು ಕುದುರೆಗಳು ಗಾಳಿಯಿಂದ ಇಳಿದು ಲಾಯಕ್ಕೆ ಬಂದು ನಿಂತಂತಾಗಿತ್ತು. ಬೇಡವೆನಿಸಿದರೆ ಹಳೆಯ ಅಂಕಿಗಳನ್ನು ಮತ್ತೆ ಹಾಕಿಕೊಡುತ್ತೇವೆಂಬ ಭರವಸೆಯೂ ದೊರೆತಿತ್ತು. ಆದರೆ ಕಂಪನಿಯ ವಾರಂಟಿ ಇದ್ದರೆ ಅದು ಕೈಬಿಡುತ್ತದೆ. ವಿಮೆಯವರಿಗೆ ತಿಳಿಸದಿದ್ದರೆ ನಾಳೆ ಅಪಘಾತವಾದಾಗ ಪರಿಹಾರ ಕೈತಪ್ಪಬಹುದು. ನೋಂದಣಿಪತ್ರದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಮಾಡಿಸಿಕೊಳ್ಳುವವರು ಇದನ್ನೆಲ್ಲ ಬಲ್ಲರು. ಬಲ್ಲೆವೆಂದು ಹೆಂಡಿರಿಗೆ ಹೇಳುವವರು ಕಡಿಮೆ.

ನೆಲಮಂಗಲದ ಟೋಲ್ ದಾಟಿದ ಮೇಲೆ ಹಾಸನದ ಹೆದ್ದಾರಿ ತೆರೆದುಕೊಳ್ಳುತ್ತದೆ. ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ಬಸ್ಸಿನ ಬೋರ್ಡಿನಲ್ಲಿ ಓದಿದ ಹೆಸರುಗಳು ಒಂದೊಂದೇ ಹಿಂದೆ ಸರಿದವು. ಟ್ಯೂನಿನ ಮೊದಲ ಗುಣ ಗೊತ್ತಾಗುವುದು ವೇಗದಲ್ಲಲ್ಲ, ಸಲೀಸಿನಲ್ಲಿ. ಮೊದಲು ಎಂಬತ್ತರಲ್ಲಿ ಹೋಗುತ್ತಿರುವಾಗ ಲಾರಿಯೊಂದನ್ನು ದಾಟಬೇಕಾದರೆ ಗೇರ್‌ಬಾಕ್ಸ್ ಎರಡು ಮೆಟ್ಟಿಲು ಕೆಳಗಿಳಿದು ಎಂಜಿನ್ ಕೂಗಬೇಕಿತ್ತು. ಈಗ ಅದೇ ಗೇರಿನಲ್ಲಿ, ಕಾಲು ತುಸು ಭಾರವಾದರೆ ಸಾಕು, ಯಾರೋ ಹಿಂದಿನಿಂದ ಅಂಗೈಯಿಟ್ಟು ನೂಕಿದಂತೆ ಕಾರು ಮುಂದೆ ಸರಿಯುತ್ತದೆ. ಎರಡೂವರೆ ಸಾವಿರ ಸುತ್ತುಗಳನ್ನು ದಾಟಿದ ಮೇಲೆ ಆ ನೂಕು ಬಿಗಿಯಾಗುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ, ವೇಗಸೂಚಿಯ ಮುಳ್ಳು ಕಣ್ಣಿಗಿಂತ ಮುಂದಿರುತ್ತದೆ. ಹೆದ್ದಾರಿಯ ಮಿತಿ ಗಂಟೆಗೆ ನೂರು. ಈ ಕಾರಿಗೆ ನೂರು ಎಂಬುದು ಬೆಳಗಿನ ವಾಯುವಿಹಾರ. ಎದುರು ದಿಕ್ಕಿನಿಂದ ನಮ್ಮ ಪಥದಲ್ಲೇ ಬರುವ ಮೋಟಾರ್‌ಬೈಕು, ಹಿಂದೀಪವಿಲ್ಲದ ಟ್ರ್ಯಾಕ್ಟರು, ಹುಲ್ಲಿನ ಹೊರೆ ಹೊತ್ತು ನಡುದಾರಿ ದಾಟುವ ಅಜ್ಜಿ, ಇವರಿಗೆ ಮಾತ್ರ ಬೆಂಗಳೂರಿನ ಗ್ಯಾರೇಜಿನಲ್ಲಿ ಯಾರೂ ಶ್ರುತಿ ಏರಿಸಿರುವುದಿಲ್ಲ.

ಎಡೆಯೂರು ದಾಟಿ ಸ್ವಲ್ಪ ಮುಂದಕ್ಕೆ, ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಹಿರಿಯರು ಮಾತು ತೆಗೆದರು.

“ಗಾಡಿಗೆ ಏನು ಮಾಡಿಸಿದ್ದೀಯೆ?”

“ಏನಿಲ್ಲವಲ್ಲ, ಅಪ್ಪ. ಸರ್ವಿಸ್ ಆಯಿತು ಮೊನ್ನೆ.”

“ಸರ್ವಿಸ್ ಮಾಡಿದ್ರೆ ಉಸಿರು ಬದಲಾಗೋಲ್ಲ ಕಣಯ್ಯ.”

ಎಂಜಿನ್ನಿನ ಉಸಿರನ್ನು ಕೇಳಿಯೇ ಮೂರು ದಶಕ ಹೊಟ್ಟೆ ಹೊರೆದ ಕಿವಿ ಅದು. ಶಾಖಸೂಚಿಯ ಮುಳ್ಳು ಕೆಟ್ಟಿದ್ದ ಬಸ್ಸಿನಲ್ಲಿ, ರೇಡಿಯೇಟರು ಕುದಿಯುವ ಮೊದಲೇ ದನಿಯಿಂದ ಅದನ್ನು ತಿಳಿಯುತ್ತಿದ್ದ ಕಿವಿ. ಮಗ ಒಪ್ಪಿಕೊಂಡ. ಹಿಂದಿನ ಸೀಟಿನಲ್ಲಿ ಮೌನ ನೆಲೆಸಿತು; ಅಲ್ಲಿಂದ ಬೆಳ್ಳೂರು ಕ್ರಾಸಿನವರೆಗೆ ಆ ಮೌನದ ತೂಕ ಕಾರಿನ ತೂಕಕ್ಕೆ ಸೇರಿತ್ತು. ಕೊನೆಗೆ ಆಕೆ ಕೇಳಿದ್ದು ಒಂದೇ ಪ್ರಶ್ನೆ:

“ಎಷ್ಟಾಯಿತು ಅದಕ್ಕೆ?”

“ಪುಟ್ಟಿಯ ಒಂದು ವರ್ಷದ ಸ್ಕೂಲ್ ಫೀಸಿನಷ್ಟು ಆಗಿಲ್ಲ.”

ಇಂಥ ಉತ್ತರದಿಂದ ಯಾವ ಗಂಡನಿಗೂ ಒಳಿತಾದ ದಾಖಲೆಯಿಲ್ಲ.

ಹಾಸನದಲ್ಲಿ ತಿಂಡಿ ಮುಗಿಸಿ ಬೇಲೂರಿನ ದಾರಿ ಹಿಡಿದರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚನ್ನಕೇಶವನ ಗುಡಿಯ ಮುಂದೆ ಶನಿವಾರದ ಬಸ್ಸುಗಳು ಆಗಲೇ ಸಾಲುಗಟ್ಟಿದ್ದವು. ದೇವಾಲಯದ ಶಿಲ್ಪವನ್ನು ಬಣ್ಣಿಸಿದ ಲೇಖನಗಳು ಬೇಕಾದಷ್ಟಿವೆ. ಕಾರು ಅಲ್ಲಿ ನಿಲ್ಲಲಿಲ್ಲ. ಬೇಲೂರಿನಾಚೆ ನೆಲ ಏರಿಳಿಯತೊಡಗುತ್ತದೆ, ಗಾಳಿ ತಣ್ಣಗಾಗುತ್ತದೆ, ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದ ಕಾಫಿ ತೋಟಗಳು ರಸ್ತೆಯ ಎರಡು ಬದಿಗೂ ಒತ್ತಿಕೊಳ್ಳುತ್ತವೆ. ಡಿಸೆಂಬರು ಅರೇಬಿಕಾ ಕೊಯ್ಲಿನ ಕಾಲ. ಕಣಗಳಲ್ಲಿ ಕೆಂಪು ಹಣ್ಣು ಹರಡಿತ್ತು. ತೆರೆದ ಕಿಟಕಿಯಿಂದ ಹುಳಿತ ಸಿಪ್ಪೆಯ ವಾಸನೆ ಒಳಗೆ ಬಂದು ಮಗುವಿನ ಮೂಗು ಸೊಟ್ಟಗಾಯಿತು.

ಈ ತಣ್ಣನೆಯ ಗಾಳಿಯೇ ಟರ್ಬೊ ಎಂಜಿನ್ನಿಗೆ ಅಮೃತ. ತಂಪು ಗಾಳಿ ಸಾಂದ್ರವಾದದ್ದು. ಒಂದೇ ಗುಟುಕಿನಲ್ಲಿ ಹೆಚ್ಚು ಆಮ್ಲಜನಕ ಸಿಗುತ್ತದೆ. ಸಿಲಿಂಡರಿನಲ್ಲಿ ಕಿಡಿ ಹಚ್ಚಿದ ಜ್ವಾಲೆ ತಲುಪುವ ಮುಂಚೆಯೇ ಪೆಟ್ರೋಲು ತಾನಾಗಿ ಸಿಡಿಯುವ ಅಪಾಯವೂ ಕಡಿಮೆ. ಆ ಸಿಡಿತಕ್ಕೆ ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುತ್ತಾರೆ; ಒತ್ತಡ ಏರಿಸಿದ ಎಂಜಿನ್ನಿಗೆ ಅದೇ ಮೊದಲ ಶತ್ರು. ಆಕ್ಟೇನ್ ಹೆಚ್ಚಿರುವ ಪೆಟ್ರೋಲು ಅದನ್ನು ತಡೆಯುತ್ತದೆ. 100 ಆಕ್ಟೇನಿನ ಪೆಟ್ರೋಲು 2020ರ ಡಿಸೆಂಬರಿನಿಂದ ದೇಶದ ಆಯ್ದ ನಗರಗಳಲ್ಲಿ ದೊರೆಯತೊಡಗಿತು. ಬೆಂಗಳೂರಿನಲ್ಲಿ ಅದನ್ನೇ ತುಂಬಿಸಿಕೊಂಡು ಹೊರಟಿದ್ದರು. ಮಲೆನಾಡಿನ ಬಂಕಿನಲ್ಲಿ ಅದು ಸಿಗದಿದ್ದರೆ ಎಂಜಿನ್ನಿನ ಕಿವಿಯಂತಿರುವ ಒಂದು ಸಂವೇದಕ ಸಿಡಿತವನ್ನು ಕೇಳಿಸಿಕೊಂಡು ಕಿಡಿಯನ್ನು ತಡಮಾಡುತ್ತದೆ. ಏರಿಸಿದ ಶ್ರುತಿ ತಾನೇ ಒಂದಿಷ್ಟು ಇಳಿಯುತ್ತದೆ.

ಮೂಡಿಗೆರೆ ದಾಟುವಾಗ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದೆ ಹೋಗುವ ಕನ್ನಡಿಗ ವಿರಳ. 2007ರಲ್ಲಿ ತೀರಿಕೊಂಡ ಅವರು ಈ ಕಾಡು, ಈ ಮಳೆ, ಈ ಜನರನ್ನು ಬರೆದಷ್ಟೇ ಉತ್ಸಾಹದಿಂದ ಯಂತ್ರಗಳ ಹೊಟ್ಟೆ ಬಗೆದು ನೋಡುವ ಕುತೂಹಲಿಯೂ ಆಗಿದ್ದರು. ಬೋಲ್ಟು ಬಿಚ್ಚದೆ ಬದಲಾಗುವ ಎಂಜಿನ್ನನ್ನು ಕಂಡು ಅವರು ಏನೆನ್ನುತ್ತಿದ್ದರೋ.

ಕೊಟ್ಟಿಗೆಹಾರದಲ್ಲಿ ನೀರುದೋಸೆ, ಚಹಾ. ಅಲ್ಲಿಂದ ಮಂಜು ಆರಂಭವಾಯಿತು. 2019ರ ಆಗಸ್ಟಿನ ಮಳೆಗೆ ಈ ಘಟ್ಟದ ಮೈ ಹಲವೆಡೆ ಕುಸಿದು ಸಂಚಾರವೇ ನಿಂತಿತ್ತು. ದುರಸ್ತಿಯ ನಂತರ ಮೊದಲು ಹಗುರ ವಾಹನಗಳಿಗಷ್ಟೇ ದಾರಿ ಬಿಟ್ಟರು. ತಡೆಗೋಡೆಯ ಹೊಸ ಕಲ್ಲುಕಟ್ಟಡ ಅಲ್ಲಲ್ಲಿ ಇನ್ನೂ ಎದ್ದು ಕಾಣುತ್ತದೆ. ಮಂಜಿನಲ್ಲಿ ಮುಂದಿನ ವಾಹನದ ಹಿಂದೀಪ ಎರಡು ಕೆಂಪು ಚುಕ್ಕೆ. ಅದರಾಚೆಗೆ ಹಾಲಿನ ಗೋಡೆ.

ಒದ್ದೆ ರಸ್ತೆಯಲ್ಲಿ ಟ್ಯೂನಿನ ಎರಡನೆಯ ಗುಣ ಹೊರಬಿತ್ತು. ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು, ತಿರುಗಬೇಕಾದವೂ ಅವೇ. ಹೆಚ್ಚಿದ ಬಲವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ತಿರುವಿನ ಕೊನೆಯಲ್ಲಿ ಕಾಲು ಸ್ವಲ್ಪ ಅವಸರಪಟ್ಟರೆ ಸ್ಟೀರಿಂಗ್ ಕೈಯನ್ನು ಒಂದು ಕಡೆಗೆ ಜಗ್ಗುತ್ತದೆ, ಚಕ್ರ ನೆಲವನ್ನು ಕೆರೆದು ಬಿಡುತ್ತದೆ, ಫಲಕದಲ್ಲಿ ಹಳದಿ ದೀಪ ಮಿಟುಕುತ್ತದೆ. ಒಣ ಹೆದ್ದಾರಿಯಲ್ಲಿ ಸೌಮ್ಯವಾಗಿದ್ದ ಪ್ರಾಣಿ ಇಲ್ಲಿ ಹಗ್ಗ ಜಗ್ಗುತ್ತಿತ್ತು. ಅಂಕಿಗಳನ್ನು ಬದಲಿಸಿದವರು ಬ್ರೇಕನ್ನಾಗಲಿ ಟೈರನ್ನಾಗಲಿ ಮುಟ್ಟಿರಲಿಲ್ಲ ಎಂಬುದು ಆಗ ನೆನಪಾಗತಕ್ಕ ಸಂಗತಿ.

ತರಕಾರಿ ಹೇರಿದ ಪಿಕಪ್ ಗಾಡಿಯೊಂದರ ಹಿಂದೆ ಹತ್ತು ನಿಮಿಷ ತೆವಳಿದ್ದಾಯಿತು. ಒಂದು ಕಡೆ ರಸ್ತೆ ತುಸು ನೇರವಾಯಿತು, ಮಂಜು ಒಂದು ಕ್ಷಣ ಹರಿಯಿತು. ಮಗನ ಕಾಲು ಯೋಚಿಸಲಿಲ್ಲ. ಕಾರು ಬಲಕ್ಕೆ ಸರಿದು ಚಿಮ್ಮಿತು. ಅವನು ಎಣಿಸಿದ್ದಕ್ಕಿಂತ ಬೇಗ ಚಿಮ್ಮಿತು. ಪಿಕಪ್ಪಿನ ಅರ್ಧಕ್ಕೆ ಬರುವಷ್ಟರಲ್ಲಿ ಎದುರಿನ ಬಿಳುಪಿನೊಳಗಿಂದ ಎರಡು ದೀಪ, ಅದರ ಹಿಂದೆ ಒಂದು ಜೀಪು. ಬ್ರೇಕು ಹಿಡಿಯಿತು, ಕಾರು ಮುಗ್ಗರಿಸಿದಂತೆ ತಗ್ಗಿ ಮತ್ತೆ ಪಿಕಪ್ಪಿನ ಹಿಂದೆ ಸೇರಿತು. ಜೀಪಿನವನು ಹಾರನ್ನು ಕೂಡ ಮಾಡದೆ ಏರಿ ಹೋದ. ಮಗು “ಏನಾಯ್ತಮ್ಮ?” ಎಂದಿತು. ಯಾರೂ ಉತ್ತರ ಕೊಡಲಿಲ್ಲ. ಹಿರಿಯರ ಬಲಗಾಲು ತನ್ನ ಮುಂದಿನ ಬರಿಯ ನೆಲವನ್ನು, ಬ್ರೇಕಿನ ಪೆಡಲ್ ಇರಬೇಕಾಗಿದ್ದ ಜಾಗದಲ್ಲಿ, ಇನ್ನೂ ಒತ್ತಿಕೊಂಡೇ ಇತ್ತು.

ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ನಿಂತರು. ಘಟ್ಟದ ಚಾಲಕರು ಇಲ್ಲಿ ಕಾಣಿಕೆ ಸಲ್ಲಿಸಿ ಕೈಮುಗಿದು ಮುಂದೆ ಹೋಗುವುದು ಹಳೆಯ ವಾಡಿಕೆ. ಹರಕೆ ತೀರಿತು. ಹೊರಬಂದ ಮೇಲೆ ಹಿರಿಯರು ಬೈಯಲಿಲ್ಲ. ಬೈದಿದ್ದರೆ ಮಗನಿಗೆ ಹಗುರವಾಗುತ್ತಿತ್ತು.

“ಎಷ್ಟು ಕುದುರೆ ಅಂದೆ?”

“ಇನ್ನೂರ ತೊಂಬತ್ತರ ಹತ್ತಿರ.”

“ನಮ್ಮ ಬಸ್ಸಿಗೆ ನೂರ ಹತ್ತು. ಅರವತ್ತು ಜನ, ಮೇಲೆ ಅವರ ಮೂಟೆ. ಅಷ್ಟರಲ್ಲೇ ಇಳೀತಿದ್ದೆ.” ಸ್ವಲ್ಪ ತಡೆದು ಕೇಳಿದರು: “ಈಗ ಯಾವ ಗೇರಿನಲ್ಲಿ ಇಳಿಸ್ತಾ ಇದ್ದೀಯೆ?”

“ಅದೇ ಹಾಕಿಕೊಳ್ಳುತ್ತೆ, ಅಪ್ಪ. ಒಳಗೆ ಎರಡು ಕ್ಲಚ್ ಇರುತ್ತೆ. ಒಂದು ಗೇರು ಓಡುವಾಗ ಇನ್ನೊಂದು ಸಿದ್ಧವಾಗಿರುತ್ತೆ.”

“ನಾವೂ ಡಬಲ್ ಕ್ಲಚ್ಚೇ ಹಾಕ್ತಿದ್ದೆವು, ಒಂದೇ ಕಾಲಲ್ಲಿ. ಹತ್ತೋ ಗೇರಿನಲ್ಲೇ ಇಳೀಬೇಕು. ಅದಕ್ಕೆ ಹೇಗೆ ಗೊತ್ತಾಗುತ್ತೆ ಮುಂದೆ ಇಳಿಜಾರು ಇದೆ ಅಂತ? ನೀನೇ ಹಾಕು.”

ಉಳಿದ ದಾರಿಯನ್ನು ಮಗ ಸ್ಟೀರಿಂಗಿನ ಹಿಂದಿನ ಪಟ್ಟಿಗಳಿಂದ ಗೇರನ್ನು ಎರಡಕ್ಕೆ ಇಳಿಸಿಕೊಂಡು ಎಂಜಿನ್ನಿನ ತಡೆಯಲ್ಲೇ ಇಳಿದ. ಕಾಲು ಬ್ರೇಕಿಗೆ ಹೋದದ್ದು ಅಪರೂಪ. ಏರುವ ವಾಹನ ಕಂಡಲ್ಲೆಲ್ಲ ಇಳಿಯುವವನು ನಿಂತು ದಾರಿ ಬಿಡುವುದು ಘಟ್ಟದ ನಿಯಮ. ಹಿರಿಯರ ಬೆರಳು ಅಲ್ಲಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ತಟ್ಟುತ್ತಿತ್ತು, ಅಲ್ಲಿ ನಿಲ್ಲು ಎಂದು. ಮಂಜು ಹರಿದು ಕೆಳಗೆ ತೆಂಗು ಅಡಕೆಗಳ ಹಸುರು ಕಂಡಾಗ ಗಾಳಿ ಬೆಚ್ಚಗಾಗಿತ್ತು.

ಧರ್ಮಸ್ಥಳದಲ್ಲಿ ರಾತ್ರಿ ಉಳಿದರು. ಊಟವಾದ ಮೇಲೆ ಗಂಡಹೆಂಡಿರ ನಡುವೆ ಮಾತುಕತೆ ನಡೆಯಿತು. ಹಳೆಯ ಅಂಕಿಗಳನ್ನೇ ಮತ್ತೆ ಹಾಕಿಸಬೇಕೆಂದು ಆಕೆ. ವಿಮೆಯವರಿಗೆ ಬರೆದು ತಿಳಿಸುತ್ತೇನೆ, ಟೈರು ಬ್ರೇಕುಗಳನ್ನು ಇದಕ್ಕೆ ತಕ್ಕಂತೆ ಬದಲಿಸುತ್ತೇನೆ ಎಂದು ಅವನು. ಬರೆದ ಪತ್ರವನ್ನು ತಾನು ಕಣ್ಣಾರೆ ನೋಡುವವರೆಗೆ ಮಗು ಆ ಕಾರಿನಲ್ಲಿ ಶಾಲೆಗೆ ಹೋಗುವುದಿಲ್ಲ ಎಂಬಲ್ಲಿಗೆ ಒಪ್ಪಂದ ನಿಂತಿತು. ಹಿರಿಯರು ಮಲಗಿದ್ದರೋ ಮಲಗಿದಂತಿದ್ದರೋ ತಿಳಿಯದು.

ಮರುದಿನ ಏರು. ಶಕ್ತಿಯೆಂಬುದಕ್ಕೆ ನಿಜವಾದ ಉದ್ಯೋಗವಿರುವುದು ಏರಿನಲ್ಲಿ. ಬೆಳಗಿನ ರಸ್ತೆ ಒಣಗಿತ್ತು, ಮಂಜು ಕಣಿವೆಯ ತಳದಲ್ಲೇ ಉಳಿದಿತ್ತು. ಹೇರ್‌ಪಿನ್ ತಿರುವಿನಲ್ಲಿ ನಿಧಾನಿಸಿ, ಮೂತಿ ನೇರವಾದ ಮೇಲೆ ಕಾಲೊತ್ತಿದರೆ ಎರಡನೆಯ ಗೇರಿನಲ್ಲಿ ಕಾರು ಬೆಟ್ಟವೇ ಇಲ್ಲವೆಂಬಂತೆ ಏರಿತು. ಹಿಂದೆ ಬಸ್ಸು ಒಂದನೆಯ ಗೇರಿನಲ್ಲಿ ಗೋಳಿಡುತ್ತ ಏರುತ್ತಿದ್ದ ಜಾಗಗಳನ್ನು ಹಿರಿಯರು ಮೊಮ್ಮಗಳಿಗೆ ತೋರಿಸುತ್ತಿದ್ದರು. ತೋರಿಸಿ ಮುಗಿಯುವ ಮೊದಲೇ ಆ ಜಾಗ ಹಿಂದೆ ಹೋಗುತ್ತಿತ್ತು. “ಇನ್ನೊಂದು ಸಲ ಒತ್ತು,” ಎಂದರು ಒಂದು ತಿರುವಿನಲ್ಲಿ. ಮಗ ಒತ್ತಿದ. ಹಿರಿಯರು ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. ಸೊಸೆಯೂ ನಕ್ಕಳು, ಕನ್ನಡಿಯಲ್ಲಿ ಅದು ಕಂಡಿತು, ಗಂಡ ನೋಡಿದನೆಂದು ತಿಳಿದೊಡನೆ ನಿಂತಿತು.

ಮಲಯಮಾರುತದ ಹತ್ತಿರ ಅವರು ಗಾಡಿ ನಿಲ್ಲಿಸಲು ಹೇಳಿದರು. ಅಂದಿನ ದಿನಗಳಲ್ಲಿ ಈ ಏರಿನಲ್ಲಿ ಬಸ್ಸು ನಿಲ್ಲಿಸಿ, ಕಂಡಕ್ಟರು ಡಬ್ಬ ಹಿಡಿದು ಬಂಡೆಯ ನೀರಿಗೆ ಹೋಗಿ, ಕುದಿಯುವ ರೇಡಿಯೇಟರಿಗೆ ನೀರು ಹೊಯ್ಯುವುದು ದಿನದ ಕ್ರಮವಾಗಿತ್ತಂತೆ. ಪ್ರಯಾಣಿಕರು ಇಳಿದು ಕೈಕಾಲು ನೀಡುತ್ತಿದ್ದರು, ಬೀಡಿ ಹಚ್ಚುತ್ತಿದ್ದರು. ಶಾಖದ ಮುಳ್ಳು ತೊಂಬತ್ತರಲ್ಲಿ ಅಲುಗದೆ ನಿಂತಿದೆಯೆಂದು ಮಗ ತೋರಿಸಿದ.

“ಇರಲಿ, ಒಂದು ಹತ್ತು ನಿಮಿಷ,” ಎಂದು ಹಿರಿಯರು ಇಳಿದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ, ಮೊಮ್ಮಗಳ ಕೈಹಿಡಿದು ಬಂಡೆಯ ಕಡೆಗೆ ನಡೆದರು, ನೀರಿನ ಜಾಡು ಇನ್ನೂ ಇದೆಯೇ ಎಂದು ಹುಡುಕುತ್ತ.